ಮೂರನೇ ಮನೆಯ ಹಾಸು

ಭುಜದಿಂದ ಭುಜಕ್ಕೆ ಹದಿನೈದೂವರೆ ಇಂಚು. ಅಂಗಿ ಹೊಲಿಯಲೆಂದು ಹೆಂಡತಿ ಟೇಪು ಹಿಡಿದು ಬರೆದುಕೊಂಡ ಅಳತೆ ಅದು. ವಿಮಾನ ರಿಪೇರಿ ಶೆಡ್ಡಿನವರು ಅವನಿಗೆ ಕೆಲಸ ಕೊಟ್ಟಿದ್ದೂ ಅದೇ ಅಳತೆ ನೋಡಿ. ದೊಡ್ಡ ವಿಮಾನಗಳಲ್ಲಿ ರೆಕ್ಕೆಯ ಹೊಟ್ಟೆಯೇ ಎಣ್ಣೆ ಟ್ಯಾಂಕು. ಅದರೊಳಗೆ ಹೋಗಲು ರೆಕ್ಕೆಯ ಅಡಿಯಲ್ಲಿ ಮೊಟ್ಟೆಯಾಕಾರದ ಒಂದು ತೂತು, ಊಟದ ತಟ್ಟೆಗಿಂತ ಒಂದಿಷ್ಟು ದೊಡ್ಡದು. ಅದರಲ್ಲಿ ತೂರಬಲ್ಲ ಮೈಯವನನ್ನು ಒಳಗೆ ಬಿಟ್ಟು ಸೋರುವ ಜಾಗ ಹುಡುಕಿಸುತ್ತಿದ್ದರು. ಹಳೇ ಅಂಟು ಕೆರೆಯಬೇಕು, ಥಿನ್ನರಿನಲ್ಲಿ ಒರೆಸಬೇಕು, ಹೊಸ ಅಂಟು ಬಳಿಯಬೇಕು. ಹಾಗೆ ತೂರುವವರಿಗೆಲ್ಲ ಶೆಡ್ಡಿನಲ್ಲಿ ಒಂದೇ ಹೆಸರು: ಇಲಿಗಳು. ಉಳಿದ ಇಲಿಗಳು ಬಂದರು, ದಪ್ಪಗಾದರು, ಬೇರೆ ಕೆಲಸ ಹಿಡಿದು ಹೋದರು. ಇವನು ಇಪ್ಪತ್ತೆರಡು ವರ್ಷ ತೂರಿದ. ಹೆಸರು ಇವನ ಪಾಲಿಗೇ ಉಳಿಯಿತು. ಹಾಲು ಹಾಕುವವನು ಕೂಡ "ಇಲಿಯಣ್ಣ ಮನೇಲಿದಾರಾ" ಎಂದೇ ಕೇಳುತ್ತಿದ್ದ.

ಇಷ್ಟು ವರ್ಷದಲ್ಲಿ ಒಂದು ಸಲವೂ ಇಲಿ ಕಿಟಕಿ ಪಕ್ಕ ಕೂತು ಹಾರಿದವನಲ್ಲ. ವಿಮಾನವನ್ನು ಅವನು ಕಂಡಿದ್ದೆಲ್ಲ ಒಳಗಿನಿಂದ, ಅದೂ ಒಂದು ಕೈಬ್ಯಾಟರಿಯ ಬೆಳಕಿನಲ್ಲಿ. ಅದಕ್ಕೇ ಇರಬೇಕು, ಅಂಗಡಿಯ ಡಬ್ಬದಲ್ಲಿ ಬರುವ ಮಾದರಿ ವಿಮಾನಗಳನ್ನು ಕಂಡರೆ ಅವನಿಗೆ ಆಗುತ್ತಿರಲಿಲ್ಲ. ಎರಡು ಹೋಳು ಪ್ಲಾಸ್ಟಿಕ್ಕು ಅಂಟಿಸಿದರೆ ಮುಗಿಯಿತು, ಒಳಗೆ ಬರೀ ಗಾಳಿ. ಮನೆಯಲ್ಲಿ ಅವನು ತಾನೇ ವಿಮಾನ ಮಾಡಲು ಕೂತ. ಮನೆಯಲ್ಲಿಲ್ಲದ್ದು ವಿಮಾನಕ್ಕೂ ಬೇಡ ಎಂಬುದು ಅವನ ಹಟ. ತಂಪು ಪಾನೀಯದ ಡಬ್ಬ ಕತ್ತರಿಸಿ ಬಿಡಿಸಿದರೆ ರೆಕ್ಕೆಯ ಚರ್ಮ. ಮುಗಿದ ಬಾಲ್‌ಪೆನ್ನಿನ ರೀಫಿಲ್ ತೊಳೆದರೆ ಎಣ್ಣೆಯ ಪೈಪು. ಟೂತ್‌ಪೇಸ್ಟ್ ಟ್ಯೂಬು ಸೀಳಿದರೆ ಪೈಲಟ್ಟಿನ ಸೀಟು ಬೆಲ್ಟು. ಮಾತ್ರೆಪಟ್ಟಿಯ ಉಬ್ಬುಗಳು ದೀಪದ ಗಾಜಾದವು, ಕೆಟ್ಟ ಇಯರ್‌ಫೋನಿನ ಒಳತಂತಿ ವೈರಿಂಗ್ ಆಯಿತು, ಹರಿದ ಜಿಪ್ಪಿನ ಹಲ್ಲುಗಳು ಬಾಗಿಲ ಕೀಲಾದವು. ಹೆಂಡತಿ ಮನೆಯಲ್ಲೇ ಬಟ್ಟೆ ಹೊಲಿಯುತ್ತಿದ್ದಳು. ಬಟ್ಟೆಯ ಮೇಲೆ ಗುರುತು ಹಾಕುವ ಹಲ್ಲಿನ ಪುಟ್ಟ ಗಾಲಿಯೊಂದು ಅವಳ ಡಬ್ಬಿಯಲ್ಲಿತ್ತು. ತಗಡಿನ ಹಿಂಬದಿಯಲ್ಲಿ ಅದನ್ನು ಉರುಳಿಸಿದರೆ ಮುಂಬದಿಯಲ್ಲಿ ರಿವೆಟ್ಟಿನ ಸಾಲು ಸಾಲೇ ಎದ್ದು ಬರುತ್ತಿತ್ತು. ಅದು ಕಂಡ ದಿನದಿಂದ ಗಾಲಿ ಅವಳ ಡಬ್ಬಿಗೆ ವಾಪಸಾಗಲಿಲ್ಲ.

"ಈ ಮನೇಲಿ ಟೀ ಕುಡಿದ್ರೆ ಸೊಪ್ಪು ಅಗೀಬೇಕು, ತಲೆ ಬಾಚಿದ್ರೆ ಅರ್ಧ ತಲೆ ಮಾತ್ರ ಬಾಚುತ್ತೆ" ಎಂದು ಅವಳು ಅಳತೆ ಕೊಡಲು ಬಂದ ಹೆಂಗಸರ ಮುಂದೆ ಗೊಣಗುತ್ತಿದ್ದಳು. ಸೋಸುವ ಜಾಲರಿ ಎಂಜಿನ್ನಿನ ಮುಂದಿತ್ತು, ಬಾಚಣಿಗೆಯ ಹಲ್ಲು ರೆಕ್ಕೆಯ ಒಳಗಿತ್ತು. ಗೊಣಗುತ್ತಲೇ ಮುರಿದ ಹುಕ್ಕು, ಜೋಡಿ ತಪ್ಪಿದ ಟಿಚ್ ಬಟನ್ ಎಲ್ಲ ಒಂದು ಬಟ್ಟಲಿಗೆ ಹಾಕಿಡುತ್ತಿದ್ದವಳೂ ಅವಳೇ.

ಅವಳ ತಮ್ಮನನ್ನು ಮನೆಯಲ್ಲಿ ಚಿಕ್ಕೋನು ಎನ್ನುತ್ತಿದ್ದರು. ತಾಯಿ ಸತ್ತಾಗ ಅವನಿಗೆ ನಾಲ್ಕು ವರ್ಷ, ಅಕ್ಕನಿಗೆ ಹದಿನೇಳು. ಮದುವೆಯಾಗಿ ಬರುವಾಗ ಅವಳು ಬಟ್ಟೆಯ ಪೆಟ್ಟಿಗೆ, ಹೊಲಿಗೆ ಮಷೀನು, ತಮ್ಮ ಈ ಮೂರನ್ನೂ ತಂದಳು. ಮೂರರಲ್ಲಿ ಯಾವುದನ್ನು ಬೇಡ ಅಂದರೂ ತಾನು ವಾಪಸು ಹೋಗುವವಳೆಂದು ಮೊದಲ ದಿನವೇ ಹೇಳಿದ್ದಳು. ಇಲಿ ಯಾವುದನ್ನೂ ಬೇಡ ಅನ್ನಲಿಲ್ಲ. ಚಿಕ್ಕೋನು ಬೆಳೆದ. ಓದು ಹತ್ತಲಿಲ್ಲ, ಮೈಯೂ ಹತ್ತಲಿಲ್ಲ. ಕಡ್ಡಿಯಂತೆ ಎತ್ತರಕ್ಕೆ ಹೋದ. ಇಲಿಯ ಮಂಡಿಗಳು ಸೋತು ಟ್ಯಾಂಕಿಗೆ ಇಳಿಯಲಾಗದೆ ಉಗ್ರಾಣಕ್ಕೆ ಹಾಕಿಸಿಕೊಂಡಾಗ, ತನ್ನ ಜಾಗಕ್ಕೆ ಬಾಮೈದನನ್ನು ತಾನೇ ಕರೆದುಕೊಂಡು ಹೋಗಿ ನಿಲ್ಲಿಸಿದ. "ಇವನೂ ಹದಿನೈದೂವರೆಯೇ" ಎಂದು ಫೋರ್‌ಮನ್ನಿಗೆ ಹೇಳಿದ. ಫೋರ್‌ಮನ್ ಬೇರೇನೂ ಕೇಳಲಿಲ್ಲ.

ಟ್ಯಾಂಕಿನ ಒಳಗನ್ನು ಅಡ್ಡಗೋಡೆಗಳು ಭಾಗ ಮಾಡಿರುತ್ತವೆ. ಇಲಿಗಳ ಮಾತಿನಲ್ಲಿ ಒಂದೊಂದು ಭಾಗವೂ ಒಂದು ಮನೆ. ಆ ಮಾದರಿಯ ವಿಮಾನಗಳಲ್ಲಿ ಮೂರನೇ ಮನೆ ಕೆಟ್ಟದ್ದು. ಅಲ್ಲಿ ತಲೆಯ ಮೇಲೆ ಎರಡು ಪೈಪು ಕೂಡುವ ಒಂದು ಗಂಟಿದೆ. ಬೇರೆ ಮನೆಗಳು ವರ್ಷಕ್ಕೊಮ್ಮೆ ಸೋರಿದರೆ ಆ ಗಂಟು ಬಂದಾಗಲೆಲ್ಲ ಸೋರುತ್ತಿತ್ತು. ಅಂಗಾತ ಮಲಗಿ, ಮಂಡಿ ಮಡಚಿ, ಕೈ ಮೇಲೆತ್ತಿ ಕೆಲಸ ಮಾಡಬೇಕು. ಬೆನ್ನ ಕೆಳಗಿನ ನೆಲದಲ್ಲಿ ಉದ್ದಕ್ಕೂ ಲೋಹದ ಪಟ್ಟಿಗಳು ಚಾಕುವಿನ ಹಿಂಬದಿಯಂತೆ ಎದ್ದು ನಿಂತಿರುತ್ತವೆ. ಎರಡು ತಾಸು ಅದರ ಮೇಲೆ ಮಲಗಿ ಬಂದವನ ಬೆನ್ನು ನೋಡಿದವರಿಗೆ ಗೊತ್ತು. ಒಂದು ದಿನ ಚಿಕ್ಕೋನು ಹಿತ್ತಲಲ್ಲಿ ಅಂಗಿ ಬಿಚ್ಚಿ ಮುಖ ತೊಳೆಯುತ್ತಿದ್ದಾಗ ಇಲಿ ಆ ಬೆನ್ನು ನೋಡಿದ. ತನ್ನ ಬೆನ್ನನ್ನು ಅವನು ಎಂದೂ ನೋಡಿಕೊಂಡಿರಲಿಲ್ಲ.

ನಿವೃತ್ತಿಗೆ ಒಂದು ತಿಂಗಳಿತ್ತು. ಗುಜರಿಗೆ ಹಾಕಿದ ಪ್ರಯಾಣಿಕರ ಸೀಟೊಂದರ ಸ್ಪಂಜು ಮನೆಗೆ ತಂದ. ಎರಡು ಬೆರಳು ದಪ್ಪಕ್ಕೆ ಸೀಳಿ, ತೂತಿನಲ್ಲಿ ಹೋಗುವಷ್ಟು ಅಗಲಕ್ಕೆ ಕತ್ತರಿಸಿದ. ಅಡಿಯಲ್ಲಿ ಮೂರನೇ ಮನೆಯ ಪಟ್ಟಿಗಳು ಕೂರುವಂತೆ ಗೀರು ತೆಗೆದ. ಪಟ್ಟಿಗಳ ನಡುವಿನ ಅಂತರ ಒಂದೊಂದು ಮನೆಯಲ್ಲಿ ಒಂದೊಂದು ತರಹ, ಎಲ್ಲವೂ ಅವನ ಮೈಗೆ ಗೊತ್ತಿತ್ತು. ಹೆಂಡತಿ ಅಂಚಿಗೆ ದಪ್ಪ ಬಟ್ಟೆಯ ಪಟ್ಟಿ ಹಾಕಿ ಹೊಲಿದಳು, ಕಾಲ್ಬೆರಳಿಗೆ ಸಿಕ್ಕಿಸಿ ಎಳೆದುಕೊಳ್ಳಲು ಒಂದು ಕುಣಿಕೆ ಇಟ್ಟಳು. ಚಿಕ್ಕೋನು ಅದನ್ನು ಸುತ್ತಿ ಕಂಕುಳಿಗೆ ಇಟ್ಟುಕೊಂಡು, ಭಾವ ತನಗೆ ಕೊಟ್ಟ ಮೊದಲನೇ ವರದಕ್ಷಿಣೆ ಇದು ಎಂದು ನಕ್ಕ.

ಎರಡು ವರ್ಷ ಅದು ಅವನ ಬೆನ್ನು ಕಾಯಿತು. ಮೂವತ್ತೊಂದನೇ ವಯಸ್ಸಿನಲ್ಲಿ, ಒಂದು ಮಧ್ಯಾಹ್ನ, ಟೀ ಗಂಟೆ ಹೊಡೆದಾಗ ಅವನು ಹೊರಗೆ ಬರಲಿಲ್ಲ. ಯಾರೂ ಗಮನಿಸಲಿಲ್ಲ. ಟ್ಯಾಂಕಿನೊಳಗೆ ಯಾರಾದರೂ ಇದ್ದಷ್ಟೂ ಹೊತ್ತು ತೂತಿನ ಹತ್ತಿರ ಒಬ್ಬ ಕೂತು ಮಾತಾಡಿಸುತ್ತಿರಬೇಕು ಎಂಬುದು ನಿಯಮ. ಕೂರಬೇಕಾದವನನ್ನು ಬೇರೆ ಕೆಲಸಕ್ಕೆ ಕಳಿಸಿದ್ದರು. ಒಳಗೆ ಗಾಳಿ ಊದುವ ಯಂತ್ರವನ್ನು ಪಕ್ಕದ ವಿಮಾನಕ್ಕೆ ಒಯ್ದಿದ್ದರು. ನಲವತ್ತು ನಿಮಿಷದ ಮೇಲೆ ಯಾರೋ ಬಗ್ಗಿ ಬೆಳಕು ಬಿಟ್ಟರೆ ಕಾಲು ಕಂಡಿತು, ಕಾಲ್ಬೆರಳಲ್ಲಿ ಕುಣಿಕೆ ಸಿಕ್ಕಿಸಿಕೊಂಡೇ ಇತ್ತು.

ಕಂಪನಿ ಆರು ದಿನದಲ್ಲಿ ವರದಿ ಬರೆಯಿತು. ಆ ದಿನದ ಕೆಲಸದ ಚೀಟಿಯಲ್ಲಿ ಮೊದಲನೇ ಮನೆ ಮಾತ್ರ ಇತ್ತು. ಮೂರನೆಯದನ್ನೂ ನೋಡಿಬಿಡು ಎಂದು ಫೋರ್‌ಮನ್ ಬಾಯಲ್ಲಿ ಹೇಳಿದ್ದು ಫೋರ್‌ಮನ್ನಿಗೇ ಮರೆತುಹೋಗಿತ್ತು. "ಕೆಲಸ ನಿಗದಿಯಾಗಿರದ ವಿಭಾಗದಲ್ಲಿ, ಸ್ವಂತದ ಹಾಸು ಹಾಸಿಕೊಂಡು ನಿದ್ರಿಸುತ್ತಿದ್ದಾಗ" ಸತ್ತನೆಂದು ಬರೆದರು. ಜೊತೆಗೊಂದು ಫೋಟೋ, ಹೊರಗೆಳೆದು ಹಾಕಿದ ಹಾಸಿನದು. ಅಡಿ ಮೇಲಾಗಿ ಬಿದ್ದಿತ್ತು. ಗೀರುಗಳು ಕಾಣುತ್ತಿದ್ದವು, ಓದಬಲ್ಲವರಿಗೆ.

ಅಕ್ಕ ಅತ್ತಿದ್ದು ಕಡಿಮೆ. ಪರಿಹಾರದ ಮಾತೆತ್ತಿದವರನ್ನು ಬಾಗಿಲಿಂದಲೇ ಕಳಿಸಿದಳು. ಅವಳಿಗೆ ಹತ್ತಿದ್ದು ಒಂದೇ ಶಬ್ದ. "ದುಡೀತಾ ಸತ್ತೋನನ್ನ ಮಲಗಿ ಸತ್ತ ಅಂತ ಬರೆದ್ರಲ್ಲ. ಆ ಶಬ್ದ ತೆಗೆಸಿ. ಇನ್ನೇನೂ ಬೇಡ ನನಗೆ" ಎಂದು ಗಂಡನಿಗೆ ಹೇಳಿದಳು. ಮುಂದಿನ ತಿಂಗಳುಗಳಲ್ಲಿ ಬೇರೆ ಮಾತು ಅವಳಿಂದ ಬರಲೇ ಇಲ್ಲ ಅನ್ನಬಹುದು.

ಕಾರ್ಮಿಕ ಸಂಘದವರು ಹನ್ನೊಂದು ದಿನ ಶೆಡ್ಡಿನ ಗೇಟಿನ ಮುಂದೆ ಕೂತರು. ಬಿಸಿಲಲ್ಲಿ ಕೂತರು, ಪೋಲೀಸರ ಲಾರಿ ಬಂದಾಗ ಒಬ್ಬರ ಮೇಲೊಬ್ಬರು ಕೂತರು. ಹನ್ನೆರಡನೇ ದಿನ ಸರ್ಕಾರದಿಂದ ಒಬ್ಬ ವಿಚಾರಣಾಧಿಕಾರಿಯನ್ನು ನೇಮಿಸಿದ ಕಾಗದ ಬಂತು. ಅಷ್ಟರೊಳಗೆ ಆ ವಿಮಾನ ರಿಪೇರಿಯಾಗಿ ಹಾರಿಹೋಗಿತ್ತು. ಇನ್ನೊಂದು ವಿಮಾನದ ರೆಕ್ಕೆ ತೋರಿಸಿ ಎಂದರೆ ಭದ್ರತೆಯ ನೆಪ ಹೇಳಿದರು. ಕೈಗೆ ಕೊಟ್ಟಿದ್ದು ಒಂದು ಸುರುಳಿ ನಕ್ಷೆ. ಅಧಿಕಾರಿಗೆ ಅದು ರಂಗೋಲಿಗಿಂತ ಹೆಚ್ಚೇನೂ ಅಲ್ಲ.

ಸಂಘದ ಕಾರ್ಯದರ್ಶಿ ಮನೆಗೆ ಬಂದು, ಕಪಾಟಿನ ಮೇಲೆ ಸಾಲಾಗಿ ನಿಂತ ವಿಮಾನಗಳನ್ನು ಸುಮಾರು ಹೊತ್ತು ನೋಡಿದ. "ಇಲಿಯಣ್ಣ, ಆ ಮನುಷ್ಯ ಜನ್ಮದಲ್ಲಿ ರೆಕ್ಕೆ ಒಳಗೆ ತಲೆ ಹಾಕಿದೋನಲ್ಲ. ನೀನೇ ಅವನನ್ನ ಒಳಗೆ ಕರ್ಕೊಂಡು ಹೋಗ್ಬೇಕು" ಎಂದ.

ಇಲಿ ಮಾರನೇ ದಿನ ಶುರು ಮಾಡಿದ. ಹತ್ತರಲ್ಲಿ ಒಂದರ ಅಳತೆ. ಇಡೀ ವಿಮಾನ ಬೇಡ, ಟ್ಯಾಂಕಿರುವ ರೆಕ್ಕೆಯ ತುಂಡು ಸಾಕು, ಮೇಲಿನ ಚರ್ಮ ಎತ್ತಿ ನೋಡುವಂತಿರಬೇಕು. ನಕ್ಷೆಯಲ್ಲಿ ಗೋಡೆಗಳ ಅಳತೆಯಿತ್ತು, ಆದರೆ ಪೈಪು ಹಿಡಿಯುವ ಕೊಂಡಿ, ಅಂಟಿನ ಗಡ್ಡೆ, ತಲೆಗೆ ತಾಗುವ ಬೋಲ್ಟು ಇವೆಲ್ಲ ಅವನ ಮೈಯಲ್ಲಷ್ಟೇ ಇದ್ದವು. ಕತ್ತಲಲ್ಲಿ ಕೆಲಸ ಮಾಡಿದವನ ಲೆಕ್ಕ ಮೊಣಕೈಯಿಂದ ಮಣಿಕಟ್ಟು, ಗದ್ದದಿಂದ ಮೂಗು, ಹೀಗೆ. ಹಾಗಾಗಿ ಅಡುಗೆಮನೆಯ ನೆಲದ ಮೇಲೆ ಅಂಗಾತ ಮಲಗಿದ. ನೋಯುವ ಮಂಡಿಗಳನ್ನು ಮಡಚಿದ. ಎರಡೂ ಕೈ ಮೇಲೆತ್ತಿ, ಇಲ್ಲದ ಗಂಟನ್ನು ಹಿಡಿದ. ಕಣ್ಣು ಮುಚ್ಚಿ ಹೇಳುತ್ತಾ ಹೋದ: ಬಲಗಿವಿಯ ಪಕ್ಕ ಇಲ್ಲಿ ಗೋಡೆ, ಎಡ ಮೊಣಕೈ ಇಷ್ಟೇ ಚಾಚುತ್ತೆ, ಮೂಗಿನಿಂದ ಗಂಟಿಗೆ ಇಷ್ಟು. ಹೆಂಡತಿ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತು ಟೇಪು ಹಿಡಿದಳು. ಅಳತೆಗಳನ್ನು ಅವಳ ಹೊಲಿಗೆಯ ಪುಸ್ತಕದಲ್ಲೇ ಬರೆದಳು, ಯಾರದ್ದೋ ರವಿಕೆಯ ತೋಳಿನ ಕೆಳಗೆ. ಮೂಗಿನಿಂದ ಗಂಟಿಗೆ ಅಳೆದಾಗ ಅವಳ ಕೈ ಗಾಳಿಯಲ್ಲಿ ನಿಂತಿತು.

"ಇಷ್ಟೇನಾ?"

"ಇಷ್ಟೇ."

"ಉಸಿರು ಬಿಟ್ರೆ ವಾಪಸ್ ಮುಖಕ್ಕೇ ಹೊಡೆಯುತ್ತಲ್ರೀ."

ಅವಳು ಐದೂವರೆ ಇಂಚು ಎಂದು ಬರೆದುಕೊಂಡಳು.

ಎರಡು ತಿಂಗಳು ಹಿಡಿಯಿತು. ನೆಲದ ಪಟ್ಟಿಗಳನ್ನು ಡಬ್ಬದ ತಗಡು ಮಡಚಿ ಮಾಡಿದ, ಮಡಿಕೆಗೆ ಅವಳ ಉಕ್ಕಿನ ಅಳತೆಪಟ್ಟಿ ಇಟ್ಟುಕೊಂಡ. ಬೋಲ್ಟುಗಳಿಗೆ ಗುಂಡುಸೂಜಿಯ ತಲೆ. ಪಂಪಿನ ಬಾಯಿಗೆ ಜಾಲರಿಯ ಚೂರು. ಕೆಡದೆ ಉಳಿದಿದ್ದ ಕೊನೆಯ ಟಿಚ್ ಬಟನ್ನುಗಳು ಪೈಪಿನ ಗಂಟಾದವು, ಒಂದರೊಳಗೊಂದು ಟಕ್ಕೆಂದು ಕೂರುತ್ತಿದ್ದವು. ಒಣಗಿದ ಉಗುರುಬಣ್ಣವನ್ನು ಹನಿ ಹನಿ ಇಟ್ಟು ಅಂಟಿನ ಗಡ್ಡೆ ಮಾಡಿದ. ಎಲ್ಲ ಆದಮೇಲೆ ಹಾಸಿನ ಮಾತು ಬಂತು.

ಅವಳು ಬೇಡ ಎಂದಳು. ಹಾಸು ಕಂಡರೆ ಸಾಕು, ನೋಡುವವರ ಮನಸ್ಸಿಗೆ ನಿದ್ದೆಯೇ ಬರುತ್ತೆ, ನಾವೇ ಯಾಕೆ ಕೈಯಾರೆ ಕೊಡಬೇಕು ಅಂದಳು. ಫೋಟೋ ಅವರ ಬಳಿ ಇದೆ ಎಂದು ಇವನು. ಇದ್ದರೆ ಅವರೇ ತೋರಿಸಲಿ ಎಂದು ಅವಳು. ಕಾರ್ಯದರ್ಶಿ ಬಂದು ನೋಡಿದ ಮೇಲೆ ವಾದ ನಿಂತಿತು. ಇಲಿ ಪಾತ್ರೆ ತಿಕ್ಕುವ ಹೊಸ ಸ್ಪಂಜನ್ನು ಬ್ಲೇಡಿನಿಂದ ತೆಳುವಾಗಿ ಸೀಳಿ, ಬೆರಳುದ್ದದ ಹಾಸು ಮಾಡಿ, ಅಡಿಯಲ್ಲಿ ಗೀರು ತೆಗೆದಿದ್ದ. ಮೊದಲನೇ ಮನೆಯಲ್ಲಿಟ್ಟರೆ ಅದು ಕುಂಟಿತು. ಎರಡನೆಯದರಲ್ಲೂ, ನಾಲ್ಕನೆಯದರಲ್ಲೂ ಅಷ್ಟೇ. ಮೂರನೆಯದರಲ್ಲಿ ಮಾತ್ರ, ಅದೂ ತಲೆ ಸರಿಯಾಗಿ ಗಂಟಿನ ಕೆಳಗೆ ಬರುವ ಹಾಗೆ, ಗೂಡಿಗೆ ಸೇರಿದಂತೆ ಕೂತಿತು. ಮಲಗಲು ಹೋಗುವವನು ಅಗಲವಾದ ಮೊದಲನೇ ಮನೆ ಬಿಟ್ಟು ಮೂಗಿಗೆ ಪೈಪು ತಾಗುವ ಕಡೆ ಯಾಕೆ ಹೋಗುತ್ತಾನೆ? ಕಾರ್ಯದರ್ಶಿ ತೊಡೆ ತಟ್ಟಿಕೊಂಡ. ಇದೊಂದೇ ಸಾಕ್ಷಿ, ಇದು ಬಿಟ್ಟರೆ ನಮ್ಮ ಕೈಯಲ್ಲಿ ಏನೂ ಇಲ್ಲ ಎಂದ.

ವಿಚಾರಣೆಗೆ ಹತ್ತು ದಿನ ಇದ್ದಾಗ ಅದಾಯಿತು. ಗೋಡೆಗಳಿಗೆ ಕೊನೆಯ ಕೈ ಬಣ್ಣ ಹಚ್ಚಿ ಬ್ರಷ್ಷು ತೊಳೆಯುವಾಗ ಥಿನ್ನರಿನ ಬಟ್ಟಲು ಮಗುಚಿ ರೆಕ್ಕೆಯೊಳಗೆಲ್ಲ ಹರಿಯಿತು. ಬಟ್ಟೆಯಿಂದ ಒತ್ತಿ ತೆಗೆದ. ಕಿಟಕಿ ತೆರೆದಿತ್ತು, ತಗಡು ನೋಡನೋಡುತ್ತಿದ್ದಂತೆ ಆರಿತು. ಮಾರನೇ ಬೆಳಗ್ಗೆ, ಹೆಂಡತಿ ನೀರು ಹಿಡಿಯಲು ಹೋಗಿದ್ದಾಗ, ಹಾಸನ್ನು ಎತ್ತಿ ನೋಡಿದ. ಮೇಲೆ ಒಣಗಿತ್ತು. ಗೀರುಗಳು ನೆಟ್ಟಗಿವೆಯೇ ಎಂದು ಕಣ್ಣಿಗೆ ಹತ್ತಿರ ಹಿಡಿದಾಗ ಘಾಟಿಗೆ ಹಣೆಯೊಳಗೆ ಮೊಳೆ ಹೊಡೆದಂತಾಯಿತು. ಹೆಬ್ಬೆರಳಿಂದ ಒತ್ತಿದ. ಗೀರುಗಳಿಂದ ಥಿನ್ನರು ಜಿನುಗಿತು.

ಅವನು ಅಲ್ಲೇ ಕೂತ. ಶೆಡ್ಡಿನ ವಾಸನೆ ಅಡುಗೆಮನೆಯಲ್ಲಿತ್ತು. ಕೈ ಮೇಲೆತ್ತಿ ಗಂಟು ಒರೆಸುವವನ ಬಟ್ಟೆಯಿಂದ ಥಿನ್ನರು ಮೊಣಕೈಗೆ ಇಳಿಯುತ್ತದೆ, ಮೊಣಕೈಯಿಂದ ಕೆಳಗೆ. ಬರೀ ತಗಡಾಗಿದ್ದರೆ ಹರಡಿ ಆರುತ್ತದೆ. ಅವನ ಕಾಲದಲ್ಲಿ ತಲೆ ತಿರುಗಿದ್ದಿದೆ, ವಾಂತಿಯಾಗಿದ್ದಿದೆ, ಬೆನ್ನು ತಡೆಯಲಾರದೆ ಅರ್ಧ ತಾಸಿಗೊಮ್ಮೆ ಹೊರಗೆ ಬರುತ್ತಿದ್ದ. ಬೆನ್ನೇ ಅವನನ್ನು ಹೊರಗೆಳೆಯುತ್ತಿತ್ತು. ಚಿಕ್ಕೋನಿಗೆ ಬೆನ್ನು ನೋಯಲಿಲ್ಲ. ಎರಡು ತಾಸು ನೆಮ್ಮದಿಯಾಗಿ ಮಲಗಿ ಒರೆಸಿದ, ಬಿದ್ದದ್ದನ್ನೆಲ್ಲ ಕೆಳಗಿನ ಸ್ಪಂಜು ಕುಡಿಯಿತು, ಮೈಯ ಬಿಸಿಗೆ ವಾಪಸು ಬಿಟ್ಟಿತು, ಮುಖದ ಪಕ್ಕದಲ್ಲೇ. ಎರಡು ವರ್ಷ ಊದುವ ಯಂತ್ರ ಆ ಗಾಳಿಯನ್ನು ಹೊರಗೆ ತಳ್ಳಿತ್ತು. ಆ ದಿನ ಯಂತ್ರ ಇರಲಿಲ್ಲ.

ಹೆಂಡತಿ ಬಂದು, ಯಾಕೆ ಹೀಗೆ ಕೂತಿದೀರಿ ಅಂದಳು. ಥಿನ್ನರು ಚೆಲ್ಲಿತು, ತಲೆನೋವು ಎಂದ. ಹೊಸ ಸ್ಪಂಜಿನಿಂದ ಇನ್ನೊಂದು ಹಾಸು ಕತ್ತರಿಸಿದ. ಒಂಬತ್ತು ದಿನ ಅನ್ನದ ಮುಂದೆ ಕೂತು ಎದ್ದ. ಮಾದರಿಯಿಂದ ಹಾಸನ್ನು ತೆಗೆದುಬಿಡಬಹುದಿತ್ತು, ಅವಳೇ ಮೊದಲು ಕೇಳಿದ್ದು ಅದನ್ನ. ತೆಗೆದರೆ ನಿದ್ರೆ ಎಂಬ ಶಬ್ದ ಉಳಿಯುತ್ತದೆ. ಇಟ್ಟರೆ, ಈ ಹಾಸು ಯಾರದು ಎಂಬ ಪ್ರಶ್ನೆ ಬರುತ್ತದೆ, ಆಮೇಲಿನ ಪ್ರಶ್ನೆಯೂ ಬರುತ್ತದೆ. ಇಲಿಗಳೆಲ್ಲ ಏನಾದರೊಂದು ಹಾಸಿಕೊಳ್ಳುತ್ತಾರೆ ಎಂದು ಜಾರಿಕೊಳ್ಳಲೂ ದಾರಿಯಿತ್ತು. ಸುಳ್ಳೂ ಆಗುತ್ತಿರಲಿಲ್ಲ. ದಿನವೆಲ್ಲ ಈ ಮೂರು ದಾರಿಗಳಲ್ಲಿ ಓಡಾಡಿ ಅವನು ಅಲ್ಲಲ್ಲೇ ವಾಪಸು ಬರುತ್ತಿದ್ದ.

ವಿಚಾರಣೆಯ ಕೋಣೆಯಲ್ಲಿ ಉದ್ದನೆಯ ಮೇಜು, ಕಡತಗಳ ಕಪಾಟು, ಕಿರುಗುಟ್ಟುವ ಫ್ಯಾನು. ಅಧಿಕಾರಿ ಒಂದು ಕಡೆ, ಕಂಪನಿಯ ವಕೀಲ ಮತ್ತು ಎಂಜಿನಿಯರ್ ಇನ್ನೊಂದು ಕಡೆ. ಗೋಡೆಗೆ ತಾಗಿದ ಬೆಂಚಿನಲ್ಲಿ ಹೆಂಡತಿ. ಇಲಿ ಮೇಲಿನ ಚರ್ಮ ಎತ್ತಿದಾಗ ಅಧಿಕಾರಿ ಕನ್ನಡಕ ಸರಿಮಾಡಿಕೊಂಡು ಬಗ್ಗಿದ. ಇದು ಟೀ ಜಾಲರಿ ಅಲ್ಲವೇ ಎಂದು ಕೇಳಿದ. ಹೌದೆಂದ ಇಲಿ. ಅಡುಗೆಮನೆಯ ಕಸ ತಂದು ವಿಮಾನ ಅನ್ನುತ್ತಿದ್ದಾರೆ ಎಂದು ವಕೀಲ ನಕ್ಕ.

"ಕಸಾನೇ ಸ್ವಾಮಿ. ಅಳತೆ ತಪ್ಪಿದ್ರೆ ಹೇಳಿ" ಎಂದ ಇಲಿ.

ಎಂಜಿನಿಯರ್ ನಕ್ಷೆ ಬಿಡಿಸಿ, ಸ್ಕೇಲು ಹಿಡಿದು, ಹನ್ನೊಂದು ಕಡೆ ಅಳೆದ. ವಕೀಲ ಅವನ ಮುಖವನ್ನೇ ನೋಡುತ್ತಿದ್ದ. ಎಂಜಿನಿಯರ್ ಸ್ಕೇಲನ್ನು ಜೇಬಿಗೆ ಹಾಕಿಕೊಂಡು, ಸರಿಯಿದೆ ಎಂದಷ್ಟೇ ಹೇಳಿ ಕೂತ. ಕಂಪನಿಯ ಅನ್ನ ತಿಂದರೂ ಕೈಯಲ್ಲಿ ಸ್ಕೇಲು ಹಿಡಿದವನು ಸುಳ್ಳು ಹೇಳುವುದು ಕಷ್ಟ.

ಅಧಿಕಾರಿ ತಾನೇ ಪುಟ್ಟ ಹಾಸನ್ನು ಒಂದೊಂದು ಮನೆಯಲ್ಲೂ ಇಟ್ಟು ನೋಡಿದ. ಮೂರನೆಯದರಲ್ಲಿ ಅದು ಕೂತಾಗ ಬೆರಳಿಂದ ಅಲ್ಲಾಡಿಸಿದ, ಅಲ್ಲಾಡಲಿಲ್ಲ. ತಲೆ ಬರುವ ಜಾಗದ ಮೇಲಿನ ಗಂಟನ್ನು ಮುಟ್ಟಿದ. ಫೋಟೋ ತರಿಸಿ ಗೀರುಗಳನ್ನು ಎಣಿಸಿದ. ಏಳು ಇಲ್ಲೂ, ಏಳು ಅಲ್ಲೂ.

"ಈ ಹಾಸು ಮಾಡಿದ್ದು ಯಾರು?"

ಕಾರ್ಯದರ್ಶಿ ಬಾಯಿ ತೆರೆಯುವ ಮೊದಲು ಇಲಿ ಎದ್ದು ನಿಂತ. ಬೆಂಚಿನ ಕಡೆ ನೋಡಲಿಲ್ಲ.

"ನಾನು ಸ್ವಾಮಿ. ಕೆಲಸಕ್ಕೇ ಅಂತ ಕತ್ತರಿಸಿ ಕೊಟ್ಟಿದ್ದು. ಆ ಮನೇಲಿ ಕೆಲಸ ಇಲ್ಲ ಅನ್ನೋದು ಸುಳ್ಳು. ಇಲ್ಲದೆ ಇದ್ರೆ ಆ ಮನೆ ಅಳತೆಗೇ ಯಾಕೆ ಗೀರು ಹಾಕ್ತಿದ್ದೆ? ಇನ್ನೊಂದು ಮಾತಿದೆ, ಅದನ್ನೂ ಬರ್ಕೊಳ್ಳಿ. ಸ್ಪಂಜು ಥಿನ್ನರ್ ಕುಡಿಯುತ್ತೆ. ಮೇಲೆ ಒಣಗಿದ ಹಾಗೆ ಕಾಣುತ್ತೆ, ಒಳಗೆ ಇಟ್ಕೊಂಡಿರುತ್ತೆ. ನನಗೆ ಗೊತ್ತಿರಲಿಲ್ಲ. ಇದನ್ನ ಮಾಡುವಾಗ ಗೊತ್ತಾಯ್ತು."

ವಕೀಲ ಆಗಲೇ ಎದ್ದಿದ್ದ. ಹಾಗಾದರೆ ಸಾವಿಗೆ ಕಾರಣ ನಿಮ್ಮದೇ ಹಾಸು ಎಂದು ಒಪ್ಪುತ್ತೀರಾ ಎಂದು ಕೇಳಿದ.

"ನನ್ನ ಪಾಲಿಂದು ನಾನು ಹೊರ್ತೀನಿ" ಎಂದ ಇಲಿ. "ಊದೋ ಯಂತ್ರ ಒಯ್ದಿದ್ದು ಸ್ಪಂಜಲ್ಲ. ಬಾಗಿಲಲ್ಲಿ ಕೂರೋನನ್ನ ಎಬ್ಬಿಸಿ ಕಳ್ಸಿದ್ದೂ ಸ್ಪಂಜಲ್ಲ. ಅವನ್ನ ನೀವು ಹೊರಿ."

ಬೆಂಚಿನಿಂದ ಹೆಂಡತಿ ಎದ್ದಳು. ಅವಳನ್ನು ಯಾರೂ ಕರೆದಿರಲಿಲ್ಲ. ಅಧಿಕಾರಿ ತಡೆಯಲು ಕೈಯೆತ್ತಿ, ಮುಖ ನೋಡಿ ಇಳಿಸಿದ.

"ಅಂಚು ಹೊಲಿದೋಳು ನಾನು. ಕುಣಿಕೆ ಹಾಕಿದೋಳೂ ನಾನೇ, ಕಾಲಲ್ಲಿ ಎಳ್ಕೊಳ್ಳೋಕೆ, ಎರಡೂ ಕೈಲಿ ಸಾಮಾನು ಇರುತ್ತಲ್ಲ ಅದಕ್ಕೆ. ಮೂವತ್ತು ವರ್ಷದಿಂದ ಹೊಲೀತಿದೀನಿ. ನಿದ್ದೆಗಾಗಿದ್ರೆ ದಿಂಬು ಹೊಲಿದುಕೊಡ್ತಿದ್ದೆ ಸ್ವಾಮಿ. ನನ್ನ ತಮ್ಮ ನಿದ್ದೆ ಮಾಡೋಕೆ ಮನೆಗೆ ಬರ್ತಿದ್ದ."

ಹೇಳಿ ಕೂತಳು. 'ದಿಂಬು' ಎಂಬ ಶಬ್ದವನ್ನು ಗುಮಾಸ್ತ ಬರೆಯಲೋ ಬೇಡವೋ ಎಂದು ಪೆನ್ನು ಹಿಡಿದು ಅಧಿಕಾರಿಯನ್ನು ನೋಡಿದ. ಬರಿ ಎಂಬಂತೆ ಅಧಿಕಾರಿ ತಲೆಯಾಡಿಸಿದ.

ಹೊರಗಿನ ಮೆಟ್ಟಿಲ ಹತ್ತಿರ ಕಾರ್ಯದರ್ಶಿ ಇಲಿಯ ಕೈ ಹಿಡಿದು, ಗೆದ್ದಂತೆಯೇ ಎಂದ. ಇಲಿ ಕೈ ಬಿಡಿಸಿಕೊಂಡ. ಬಸ್ಸು ನಿಲ್ಲುವ ಕಡೆಗೆ ನಡೆಯುತ್ತಾ ಹೆಂಡತಿ, ಸ್ಪಂಜಿನ ವಿಷಯ ಯಾವಾಗ ಗೊತ್ತಾಯಿತು ಎಂದು ಕೇಳಿದಳು. ಒಂಬತ್ತು ದಿನವಾಯಿತು ಎಂದ. ಅವಳು ನಿಂತಳು.

"ಒಂಬತ್ತು ದಿನ ಒಬ್ರೇ ಇಟ್ಕೊಂಡು ಕೂತಿದ್ರಾ? ಅಷ್ಟೂ ಜನರ ಮುಂದೆ ಕೇಳಬೇಕಾಯ್ತು ನಾನು."

ತಪ್ಪಾಯಿತು ಎಂದ. ಯಾವುದಕ್ಕೆಂದು ಅವಳು ಕೇಳಲಿಲ್ಲ, ಅವನೂ ಬಿಡಿಸಿ ಹೇಳಲಿಲ್ಲ. ಬಸ್ಸಿನಲ್ಲಿ ಅವಳು ಕಿಟಕಿಯ ಕಡೆ ಮುಖ ಮಾಡಿ ಕೂತಳು. ಇಳಿಯುವಾಗ ಅವನ ಮಂಡಿ ಹಿಡಿದುಕೊಂಡಿತು. ಅವಳು ಕೆಳಗಿಳಿದು ಹೋಗಿದ್ದವಳು ವಾಪಸು ಬಂದು ಮೊಣಕೈ ಹಿಡಿದು ಇಳಿಸಿದಳು, ಮಾತಿಲ್ಲದೆ. ಆಮೇಲಿನ ದಿನಗಳೂ ಹೆಚ್ಚುಕಡಿಮೆ ಹಾಗೇ ಹೋದವು. ಊಟ ಬಡಿಸಿದಳು, ಬಟ್ಟೆ ಹೊಲಿದಳು. ಅವನು ಹೊಸ ವಿಮಾನ ಶುರು ಮಾಡಲಿಲ್ಲ. ಒಂದು ದಿನ ಅವಳು ಇದ್ದಕ್ಕಿದ್ದಂತೆ, ಅಂಚಿನ ಬಟ್ಟೆ ತಾನು ಅಷ್ಟು ದಪ್ಪದ್ದು ಹಾಕಬಾರದಿತ್ತು, ತೆಳುವಾದ್ದಾಗಿದ್ದರೆ ಬೇಗ ಆರುತ್ತಿತ್ತೇನೋ ಎಂದಳು. ಹಾಗೇನಿಲ್ಲ ಎಂದು ಇವನು ಹೇಳಿದ. ನಿಮಗೆ ಹೇಗೆ ಗೊತ್ತು ಅಂದಳು. ಗೊತ್ತಿಲ್ಲ ಎಂದು ಒಪ್ಪಿಕೊಂಡ.

ಇತ್ತ ಶೆಡ್ಡಿನಲ್ಲಿ ಕಂಪನಿ ಮೊದಲು ಮಾಡಿದ್ದು ಇಲಿಗಳ ಹಾಸುಗಳನ್ನೆಲ್ಲ ಕಿತ್ತುಕೊಂಡು ಸುಟ್ಟಿದ್ದು. ಊದುವ ಯಂತ್ರ ಕೊಡಿ ಅಂದರೆ ತರಿಸುತ್ತಿದ್ದೇವೆ ಎಂದರು. ಬೆನ್ನುಗಳು ಮತ್ತೆ ಹರಿದವು. ಸಂಘದವರು ಇನ್ನೊಮ್ಮೆ ಗೇಟಿನ ಮುಂದೆ ಕೂತ ಮೇಲೆ ಟ್ಯಾಂಕಿಗೊಂದು ಯಂತ್ರ ಬಂತು, ತೂತಿಗೊಬ್ಬ ಕಾವಲಿನವನು ಬಂದ. ಕೂತಿದ್ದು ನಾಲ್ಕು ದಿನ. ಆ ನಾಲ್ಕು ದಿನವೂ ಇಲಿ ಹೋಗಿ ಕೂತ, ಹಿಂದಿನ ಸಾಲಿನಲ್ಲಿ.

ವಿಚಾರಣೆಯ ವರದಿ ಬಂದಾಗ ಮಧ್ಯಾಹ್ನ. ಅವಳು ಮಷೀನಿನ ಮುಂದೆ ಯಾರದೋ ಸಮವಸ್ತ್ರದ ಕಾಲರು ತಿರುಗಿಸುತ್ತಿದ್ದಳು. ಇಲಿ ಬಾಗಿಲ ಬೆಳಕಿಗೆ ನಿಂತು ಓದಿದ. ಅವಳು ಮಷೀನು ನಿಲ್ಲಿಸಿದಳು.

"ಮೃತನು ಟ್ಯಾಂಕಿನ ಮೂರನೇ ವಿಭಾಗದಲ್ಲಿ, ಮೇಲಿನವರ ಮೌಖಿಕ ಸೂಚನೆಯಂತೆ ಕೆಲಸ ಮಾಡುತ್ತಿದ್ದಾಗ" ಎಂದಿತ್ತು. ಗಾಳಿಯ ವ್ಯವಸ್ಥೆ ಇರಲಿಲ್ಲ, ಕಾವಲು ಇರಲಿಲ್ಲ ಎಂದಿತ್ತು. ನಿದ್ರೆ ಎಂಬ ಶಬ್ದ ಎಲ್ಲೂ ಇರಲಿಲ್ಲ. ಅವನು ಅಲ್ಲಿಗೆ ನಿಲ್ಲಿಸಿದ.

"ಇನ್ನೂ ಇದೆಯಲ್ಲ ಕೆಳಗೆ" ಎಂದಳು ಅವಳು.

ಇತ್ತು. ಸಂಬಂಧಿಕರು ಅನುಮತಿಯಿಲ್ಲದೆ ಮಾಡಿಕೊಟ್ಟ, ದ್ರಾವಕ ಹೀರುವ ಹಾಸೂ ಸಾವಿಗೆ ಸಹಕಾರಿಯಾಯಿತು ಎಂದಿತ್ತು. ಓದಿದ. ತನ್ನ ಹೆಸರಿದ್ದ ಕಡೆ ಅವನ ದನಿ ಇಳಿಯಿತು, ಅದರ ಪಕ್ಕದಲ್ಲೇ ಅವಳ ಹೆಸರೂ ಇತ್ತು. ಅದನ್ನೂ ಓದಿದ.

ಅವಳು ಕಾಲರನ್ನು ತೊಡೆಯ ಮೇಲಿಟ್ಟುಕೊಂಡು, ಹೊಲಿಗೆ ತಪ್ಪಿದ ಕಡೆ ಉಗುರಿನಿಂದ ದಾರ ಎಬ್ಬಿಸುತ್ತಾ ಹೋದಳು.

"ಅದೂ ಇರಲಿ" ಎಂದಳು ಕೊನೆಗೆ. "ಅದೂ ನಿಜಾನೇ. ಮೇಲಿನ ಸಾಲು ಇನ್ನೊಂದ್ಸಲ ಓದಿ."

ಅವನು ಮತ್ತೆ ಮೇಲಿನಿಂದ ಓದತೊಡಗಿದ.